ಎಲ್ಲರ ಕೈಯಲ್ಲೂ ಒಂದು ಚೀಲ

ಉಧ್ನಾ, ಸೂರತ್
೧೧ ಜನವರಿ ೨೦೨೬, ಭಾನುವಾರ

ಪ್ರಿಯ ಊರ್ಮಿಳಾ,

ಕರ್ತನ ಸಮಾಧಾನ ನಿನಗಿರಲಿ. ನನಗಂತೂ ಸದ್ಯಕ್ಕೆ ಇಲ್ಲ.

ನೀನು ಫೋನು ಎತ್ತುವುದಿಲ್ಲ. ಅದಕ್ಕೇ ಕಾಗದದ ಮೇಲೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಡೋದರಾದ ಮಗಳ ಮನೆಯಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬಳಿಗೇ. ಪೂರ್ವಿಗೆ ನಮ್ಮ ಅಕ್ಷರ ಕಲಿಸಲಿಲ್ಲ ಎಂದು ನನ್ನನ್ನು ಎಷ್ಟು ಬಯ್ದಿದ್ದೀ. ಆ ತಪ್ಪು ಇವತ್ತು ಕೆಲಸಕ್ಕೆ ಬಂತು. ನಷ್ಟದ ಮಾಲಿಗೂ ಒಂದು ದಿನ ಗಿರಾಕಿ ಸಿಗುತ್ತಾನೆ. ಪೂರ್ವಿ ಕೇಳಿದರೆ ಅಪ್ಪ ಆರೋಗ್ಯವಾಗಿದ್ದಾನಂತೆ ಎಂದು ಹೇಳು. ನಷ್ಟದ ಮಾಲಿಗೂ ಒಂದು ದಿನ ಗಿರಾಕಿ ಸಿಗುತ್ತಾನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಆದರೆ ಇಷ್ಟು ದಿನ ಅದನ್ನು ನನ್ನ ಬಾಯಿಂದ ನೀನು ಕೇಳಿಲ್ಲ.

ಹಿಡಿ ಅಕ್ಕಿಯ ಆ ದೊಡ್ಡ ಡಬ್ಬಿ ಮೊದಲಿನಿಂದಲೂ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ನಮ್ಮ ಕನ್ನಡ ಸಭೆಗೆ ಬೆಟಗೇರಿಯಿಂದ ಬಂದ ಹಳೆಯ ತಾಯಂದಿರು ಶುರು ಮಾಡಿದ್ದಂತೆ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಬೇರೆ ತೆಗೆದಿಡುವುದು, ಭಾನುವಾರ ತಂದು ದೇವಾಲಯದ ಹಿಂದಿನ ಕೋಣೆಯ ಡಬ್ಬಿಗೆ ಸುರಿಯುವುದು, ಇಲ್ಲದವರು ಅದರಿಂದ ತುಂಬಿಕೊಳ್ಳುವುದು. ಆರಾಧನೆ ಮುಗಿದ ಮೇಲೆ ಪ್ರತಿ ಮನೆಯ ಹೆಂಗಸೂ ಒಬ್ಬೊಬ್ಬಳಾಗಿ ಚೀಲ ಹಿಡಿದು ಒಳಗೆ ಹೋಗಿ, ಚೀಲ ಹಿಡಿದೇ ಹೊರಗೆ ಬರಬೇಕು. ಯಾರು ಸುರಿದರು, ಯಾರು ತುಂಬಿಕೊಂಡರು ಎಂಬುದು ಹೊರಗೆ ಚಹಾ ಕುಡಿಯುತ್ತ ನಿಂತವರಿಗೆ ತಿಳಿಯಬಾರದು. ಸುರಿದವರು ಚೀಲ ಚಪ್ಪಟೆಯಾಗಿ ಕಾಣದಿರಲೆಂದು ಶಾಲು, ಹಾಡಿನ ಪುಸ್ತಕ ತುರುಕಿಕೊಂಡು ಬರುತ್ತಿದ್ದರು. ನೀನೂ ಹಾಗೇ ಬರುತ್ತಿದ್ದೆ. ನಾನು ನಗುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಕ್ರಿಸ್ಮಸ್ ದಾನದ ಯೋಜನೆಗೆ ಕಮಿಟಿ ಕೂತಾಗ, ಕಾರ್ಯದರ್ಶಿಯಾಗಿ ಮೊದಲು ಮಾತಾಡಿದವನು ನಾನೇ. ಯಾರಿಗೆ ಹೋಯಿತೆಂದು ಗೊತ್ತಿಲ್ಲದ್ದಕ್ಕೆ ದಾನ ಅನ್ನುವುದಿಲ್ಲ, ಸೋರಿಕೆ ಅನ್ನುತ್ತಾರೆ ಎಂದೆ. ಪಾಸ್ಟರ್ ಅಯ್ಯನವರು ಮೆಲ್ಲಗೆ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ವಚನ ತೆಗೆದರು. ಎಡಗೈಗೆ ತಿಳಿಯದಿದ್ದರೂ ಆಡಿಟರಿಗಾದರೂ ತಿಳಿಯಬೇಕಲ್ಲ ಅಯ್ಯನವರೇ ಎಂದೆ. ಎಲ್ಲರೂ ನಕ್ಕರು. ನಗಿಸಿದವನು ಗೆದ್ದಂತೆ, ನಮ್ಮ ಸೀರೆ ವ್ಯಾಪಾರದಲ್ಲೂ ಅಷ್ಟೇ. ಒಬ್ಬರ ಸೋನಾಮಸೂರಿ, ಒಬ್ಬರ ರೇಷನ್ ಅಕ್ಕಿ, ಮಂಗಳೂರಿನವರ ಕುಚ್ಚಲಕ್ಕಿ, ಎಲ್ಲ ಕಲಸಿದ್ದಕ್ಕೆ ಕುಕ್ಕರಿನಲ್ಲಿ ಎಷ್ಟು ಸೀಟಿ ಕೂಗಿಸಬೇಕು ಎಂದು ಕೇಳಿ ಮತ್ತೂ ನಗಿಸಿದೆ. ಕೊನೆಗೆ ನನ್ನ ಹಳೆಯ ಮಾತು ಇದ್ದೇ ಇತ್ತು: ನಾನು ಈ ಊರಿಗೆ ಬರಿಗೈಲಿ ಬಂದವನು, ಯಾರ ಒಂದು ಹಿಡಿಯನ್ನೂ ಉಣ್ಣದೆ ಮೇಲೆ ಬಂದವನು. ಮೂಲೆಯಲ್ಲಿ ಚಹಾ ಸುರಿಯುತ್ತಿದ್ದ ನೀನು ಒಮ್ಮೆ ತಲೆಯೆತ್ತಿ ನೋಡಿದೆ. ನನ್ನ ಭಾಷಣ ಚೆನ್ನಾಗಿದೆ ಎಂದುಕೊಂಡೆ.

ಡಬ್ಬಿ ಹೋಯಿತು. ನಮ್ಮ ಸಭೆಯಲ್ಲಿ ಕಷ್ಟದಲ್ಲಿರುವವರು ಹೆಸರು ಕೊಡಿ ಎಂದು ಪ್ರಕಟಣೆ ಓದಿದೆ. ಒಬ್ಬರೂ ಕೊಡಲಿಲ್ಲ. ಕರ್ತನ ಕೃಪೆ, ನಮ್ಮಲ್ಲಿ ಬಡವರಿಲ್ಲ ಎಂದು ಅದೇ ಪೀಠದ ಹತ್ತಿರ ನಿಂತು ಹೇಳಿದೆ. ಹಾಗಾಗಿ ವರಾಛಾ ಬಡಾವಣೆಯಲ್ಲಿ ಕೆಲಸ ಕಳೆದುಕೊಂಡ ವಜ್ರದ ಕುಶಲಕರ್ಮಿಗಳ ಮನೆಗಳಿಗೆ ದಿನಸಿ ಕಿಟ್ ಹಂಚುವುದು ಎಂದಾಯಿತು. ಅರ್ಧ ಖರ್ಚು ನನಗೆ ಸೀರೆ ಕೊಡುವ ಶೇಠರದ್ದು. ಟೋಕನ್ ಮೇಲೆ ಸಭೆಯ ಹೆಸರಿದ್ದರೆ ಸುಮ್ಮನೆ ಮತಾಂತರದ ಮಾತು ಬರುತ್ತದೆಂದು ಶೇಠರ ಅಂಗಡಿಯ ಹೆಸರನ್ನೇ ಹಾಕಿಸಿದೆ. ಪ್ರಶಾಂತನ ಹೆಂಡತಿ ಮೇದಿನಿ ಬಂದದ್ದು ಅದರಿಂದಲೇ. ಕೊಡುವವರು ನಾವೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಪ್ರಶಾಂತ್ ಲೆಕ್ಕ ಬರೆಯುತ್ತಿದ್ದ ವಜ್ರದ ಕಾರ್ಖಾನೆ ದೀಪಾವಳಿ ರಜೆಗೆ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಆದರೂ ಅವನು ಪ್ರತಿ ಭಾನುವಾರ ಇಸ್ತ್ರಿ ಅಂಗಿ ಹಾಕಿ ನಮ್ಮ ದೇವಾಲಯದ ಕ್ವೈರಿನಲ್ಲಿ ಹಾಡುತ್ತಿದ್ದ. ಡಿಸೆಂಬರಿನಲ್ಲಿ ಕಿಟ್ ಹಂಚುವ ದಿನ ಮೇದಿನಿ ಪಕ್ಕದ ಮನೆಯವಳ ಜೊತೆ ಸೆರಗು ಮುಂದೆಳೆದುಕೊಂಡು ಸಾಲಿನಲ್ಲಿ ನಿಂತಿದ್ದಳು. ವೇದಿಕೆ ಹತ್ತಿದ ಮೇಲೆಯೇ ಗುರುತು ಸಿಕ್ಕಿತು ಎಂದು ಅಯ್ಯನವರಿಗೆ ಹೇಳಿದ್ದೇನೆ. ನಿನಗೆ ಹಾಗೆ ಹೇಳಿ ದಕ್ಕಿಸಿಕೊಳ್ಳಲಾರೆ. ಅವಳು ಇನ್ನೂ ಸಾಲಿನ ನಡುವೆ ಇದ್ದಾಗಲೇ ಕಂಡಿದ್ದೆ. ಇಳಿದು ಹೋಗಿ ಪಕ್ಕಕ್ಕೆ ಕರೆಯಬಹುದಿತ್ತು. ಫೋಟೋದವನು ಕಾಯುತ್ತಿದ್ದ, ಶೇಠರು ಪಕ್ಕದಲ್ಲಿದ್ದರು, ನಮ್ಮಲ್ಲಿ ಬಡವರಿಲ್ಲ ಎಂದು ಅವರಿಗೂ ಹೇಳಿಬಿಟ್ಟಿದ್ದೆ.

ಅವಳು ಮೆಟ್ಟಿಲು ಹತ್ತಿ ನನ್ನನ್ನು ನೋಡಿದಳು. ಅವಳ ಕೈ ಟೋಕನ್ನಿನ ಮೇಲೆ ಮುಚ್ಚಿಕೊಂಡಿತು. ಆಗ ನನ್ನ ಬಾಯಿ ನನಗಿಂತ ಮುಂದೆ ಓಡಿತು. ನೋಡಿ, ನಮ್ಮ ಸಭೆಯ ತಂಗಿ ಸೇವೆ ಮಾಡಲು ಬಂದಿದ್ದಾಳೆ ಎಂದು ಮೈಕಿನಲ್ಲಿ ಗುಜರಾತಿಯಲ್ಲಿ ಕೂಗಿದೆ. ಚಪ್ಪಾಳೆ ಬಿತ್ತು. ಅವಳ ಕೈಗೆ ಕಿಟ್ ಕೊಟ್ಟು ಹಿಂದಿನವರಿಗೆ ದಾಟಿಸಲು ಹೇಳಿದೆ. ಸಾಲು ಮುಗಿಯುವವರೆಗೆ ಅವಳು ಅಲ್ಲೇ ನಿಂತು ಅಕ್ಕಿ, ಬೇಳೆ, ಎಣ್ಣೆ ಊರವರಿಗೆಲ್ಲ ಹಂಚಿದಳು. ಪಕ್ಕದ ಮನೆಯವಳಿಗೂ ಅವಳೇ ಕೊಟ್ಟಳು. ಆಮೇಲೆ ಬರಿಗೈಲಿ ಮನೆಗೆ ಹೋದಳು. ಅವಳ ಮಾನ ಉಳಿಸಿದೆ ಎಂದು ಆ ಸಂಜೆ ನಾನು ನಿಜವಾಗಿಯೂ ನಂಬಿದ್ದೆ, ಊರ್ಮಿಳಾ. ಉಳಿಸಿಕೊಂಡದ್ದು ಯಾರ ಮಾನವನ್ನೆಂದು ನಿನಗೆ ಆಗಲೇ ಗೊತ್ತಿತ್ತು. ಮರುದಿನ ಬ್ಯಾಗು ಕಟ್ಟುವಾಗ ನೀನು ಹೇಳಿದ್ದು ಒಂದೇ ಮಾತು, ‘ನಿಮಗ ಅನ್ನದ ರುಚಿ ಮರತೈತಿ.’

ಹೊಸ ವರ್ಷದ ಮರುದಿನ ಒಂದು ಕಿಟ್ ಹೊತ್ತು ಅವರ ಮನೆಗೆ ಹೋದೆ. ಪ್ರಶಾಂತ್ ಕೆಲಸ ಹುಡುಕಿ ಹೊರಗೆ ಹೋಗಿದ್ದ. ಮೇದಿನಿ ಕುರ್ಚಿ ಹಾಕಿ ಕರೀ ಚಹಾ ಕೊಟ್ಟಳು. ಹಾಲು ಒಡೆದಿದೆ ಎಂದಳು. ಕಿಟ್ ನೋಡಿ, ‘ಇದೊಂದು ಹಂಚೂದು ಉಳದಿತ್ತೇನ್ರಿ ಅಣ್ಣಾರ? ಯಾರ ಮನಿಗೆ ಹೇಳ್ರಿ, ನಾನ ಮುಟ್ಟಿಸಿ ಬರ್ತೀನಿ’ ಎಂದು ನಕ್ಕಳು. ವ್ಯಂಗ್ಯ ಇತ್ತೋ ಇಲ್ಲವೋ ಎಂದು ಕೂಡ ನನಗೆ ತಿಳಿಯಲಿಲ್ಲ. ಹೊತ್ತದ್ದನ್ನು ಹೊತ್ತುಕೊಂಡೇ ಮೆಟ್ಟಿಲಿಳಿದೆ. ಅವರಿಬ್ಬರೂ ದೇವಾಲಯಕ್ಕೆ ಬರುವುದು ನಿಂತಿದೆ.

ಕಳೆದ ಭಾನುವಾರ ಕಮಿಟಿಯಲ್ಲಿ ಡಬ್ಬಿ ವಾಪಸು ಇಡೋಣ ಎಂದೆ. ನಮ್ಮ ಖಜಾಂಚಿ ವಿನಯ್, ನಾನೇ ತಿದ್ದಿ ತಯಾರು ಮಾಡಿದವನು, ‘ಅಂಕಲ್, ರಸೀದಿ ಹೆಂಗ?’ ಅಂದ. ಈ ಸಲ ಯಾರೂ ನಗಲಿಲ್ಲ.

ಆದರೂ ಇವತ್ತು ಡಬ್ಬಿ ಇಟ್ಟೆವು. ಕಮಿಟಿಯವರು ತಮ್ಮತಮ್ಮ ಮನೆಯ ಅಕ್ಕಿಯನ್ನು ಆರಾಧನೆಗೆ ಮೊದಲೇ ತಂದು ಸುರಿದರು. ಆರಾಧನೆ ಮುಗಿಯಿತು. ಆದರೆ ಕೋಣೆಯೊಳಗೆ ಒಬ್ಬಳೂ ಕಾಲಿಡಲಿಲ್ಲ. ಎಲ್ಲರೂ ಚಹಾ ಲೋಟ ಹಿಡಿದು ಒಬ್ಬರ ಚೀಲವನ್ನೊಬ್ಬರು ನೋಡುತ್ತ ನಿಂತಿದ್ದರು. ಹಾಗೆ ನೋಡುವುದನ್ನು ಕಲಿಸಿದವನು ನಾನು. ಕೊನೆಗೆ ಅಂಗಡಿಯ ಚೀಲ ಹಿಡಿದು ನಾನೇ ಒಳಗೆ ಹೋದೆ. ಸುರಿಯಲಿಲ್ಲ, ತುಂಬಿಕೊಂಡೆ. ಹೊರಗೆ ಬಂದಾಗ ಅಷ್ಟೂ ಕಣ್ಣುಗಳು ನನ್ನ ಚೀಲದ ಮೇಲಿದ್ದವು. ಬಾಗಿಲಿನಿಂದ ಗೇಟಿನವರೆಗೆ ನಡೆಯುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ಒಳಗೆ ಹೋದ ಸಪ್ಪಳ ಕೇಳಿಸಿತು. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ.

ನಮ್ಮ ಮನೆಗೆ ಬಾ ಎಂದು ಕೇಳುವ ಮುಖ ನನಗಿಲ್ಲ. ಮುಂದಿನ ಭಾನುವಾರ ಉಧ್ನಾದಲ್ಲಿ ಇಳಿದು, ಸೀದಾ ದೇವಾಲಯಕ್ಕೆ ಬಾ. ದಾರಿಯಲ್ಲಿ ಮೇದಿನಿಯ ಮನೆಗೆ ಹೋಗಿ ಕೈಹಿಡಿದು ಕರೆದುಕೊಂಡು ಬಾ. ನಾನು ಕರೆದರೆ ಬರುವುದಿಲ್ಲ, ನೀನು ಕರೆದರೆ ಬಂದಾಳು. ಇಬ್ಬರೂ ಚೀಲ ತನ್ನಿ. ನಾನು ಗೇಟಿನಾಚೆ, ಬೆನ್ನು ಮಾಡಿ ನಿಂತಿರುತ್ತೇನೆ.

ನಿನ್ನ,
ಯಶವಂತ್

ತಾ.ಕ.: ಆ ಅಕ್ಕಿಯನ್ನೇ ರಾತ್ರಿ ಕುಕ್ಕರಿಗೆ ಹಾಕಿದೆ. ಅರ್ಧ ಮುದ್ದೆಯಾಯಿತು, ಅರ್ಧ ಹಲ್ಲಿಗೆ ಸಿಕ್ಕಿತು. ಎರಡನೇ ತುತ್ತಿಗೆ ಕೈ ನಿಂತಿತು. ಮದುವೆಯಾಗಿ ಬಂದ ಮೊದಲ ವರ್ಷ, ಆ ತಗಡಿನ ಖೋಲಿಯಲ್ಲಿ, ತಿಂಗಳುಗಟ್ಟಲೆ ನೀನು ಬಡಿಸಿದ್ದು ಇದೇ ಅನ್ನ. ಕಲಬೆರಕೆ ಅಕ್ಕಿ ಕೊಡುತ್ತಾನೆಂದು ನಾನು ಕಿರಾಣಿಯವನ ಜೊತೆ ಜಗಳಕ್ಕೆ ಹೋಗಿದ್ದೆ. ನಿಮ್ಮ ಮನೆಯವರು ನನ್ನಲ್ಲಿ ಅಕ್ಕಿಯನ್ನೇ ಕೊಂಡಿಲ್ಲ ಭಾಯಿ ಎಂದು ಅವನು ಆಣೆ ಹಾಕಿದ. ಸುಳ್ಳುಗಾರ ಎಂದು ಬಯ್ದು ಬಂದೆ. ನೀನು ಒಳಗೆ ಬೆನ್ನು ಮಾಡಿ ಕೂತು ಅಕ್ಕಿ ಆರಿಸುತ್ತಿದ್ದೆ.