ಹೋಲಿಕೆಗೆ ಇಟ್ಟ ಊರು

ನಿಟ್ಟುವಳ್ಳಿ, ದಾವಣಗೆರೆ
೧೪ ನವೆಂಬರ್ ೨೦೨೪

ಪ್ರೀತಿಯ ಪುಷ್ಪಕ್ಕನಿಗೆ,

ಇಲ್ಲೇ ಪಕ್ಕದ ಬಾತಿಯಲ್ಲಿರುವ ನಿನಗೆ ಕಾಗದ ಬರೆಯುವುದು ವಿಚಿತ್ರವೇ. ಎದುರು ಕೂತರೆ ನಾನು ಹೇಳುವುದಿಲ್ಲ, ಅದಕ್ಕೆ. ತಡವಾದದ್ದಕ್ಕೆ ಕ್ಷಮಿಸು. ತಮ್ಮ ಸಿದ್ದೇಶನ ತಿಥಿಕಾರ್ಯದ ದಿನ ನೀನು ಕೇಳಿದ್ದೆ: "ಸಿದ್ದೇಶಂಗೆ ಹರಿಹರದಾಗ ಯಾರದಾರೆ? ಯಾಕ ಹೋಗಿದ್ದ?" ನಾನು ನೀರು ಕುಡಿಯಲು ಎದ್ದು ಹೋದೆ.

ಕಚೇರಿಯಲ್ಲಿ ವರದಿ ಸಿದ್ಧವಾಗಿದೆ. ಸಿದ್ದೇಶ ಬೆನ್ನುನೋವಿಗೆಂದು ಶುರುಮಾಡಿ ಬಿಡಲಾರದೆ ಹೋದ ಆ ಮಾತ್ರೆ ಗೊತ್ತಲ್ಲ, ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರಬಾರದೆಂದು ಮೇ ತಿಂಗಳಿಂದ ದಾವಣಗೆರೆಯಲ್ಲಿ ಮಾತ್ರ ನಿಯಮ ಮಾಡಿದರು. ಫಲ ಅಳೆಯುವ ಕೆಲಸ ನನ್ನದು. ನಿಯಮವಿಲ್ಲದ ಒಂದು ಊರನ್ನು ಪಕ್ಕಕ್ಕಿಟ್ಟು ನೋಡಬೇಕು. ನಾನು ಹರಿಹರವನ್ನು ಆರಿಸಿದೆ.

ಮಾತ್ರೆ ಹೆಚ್ಚಾಗಿ ಆಸ್ಪತ್ರೆ ಸೇರಿದವರು ಆರು ತಿಂಗಳಲ್ಲಿ ಇಲ್ಲಿ ಅರವತ್ತರಿಂದ ನಲವತ್ತೊಂದಕ್ಕೆ ಇಳಿದರು. ಅಲ್ಲಿ ಇಪ್ಪತ್ತರಿಂದ ಮೂವತ್ತೊಂಬತ್ತಕ್ಕೆ ಏರಿದರು. ಅಲ್ಲಿ ಏರಿದೆಯೆಂದರೆ, ನಿಯಮ ಇರದಿದ್ದರೆ ಇಲ್ಲೂ ಅಷ್ಟೇ ಏರುತ್ತಿತ್ತು ಎಂದು ಓದುವುದು ನಮ್ಮ ಪದ್ಧತಿ. ಹಾಗಾಗಿ ಇಲ್ಲಿ ಇಳಿದ ಹತ್ತೊಂಬತ್ತು, ಏರದೆ ಹೋದ ಹತ್ತೊಂಬತ್ತು, ಒಟ್ಟು ಮೂವತ್ತೆಂಟು ಜನ ಉಳಿದಂತೆ.

ಹರಿಹರದ ರಿಜಿಸ್ಟರ್ ನೋಡಿ ಬಂದ ನಮ್ಮ ಕಚೇರಿಯ ಆಶಾ ಕೇಳಿದಳು: "ಸರ್, ಇವರಾಗ ಅರ್ಧ ಮಂದಿ ವಿಳಾಸ ನಮ್ಮ ದಾವಣಗೆರೆದ್ದೇ, ಆವರಗೆರೆ, ನಿಟ್ಟುವಳ್ಳಿ ಐತಲ್ರಿ. ಯಾವ ಊರಿಗೆ ಹಾಕ್ಲಿ?"

"ಎಲ್ಲಿ ದಾಖಲಾದರೋ ಆ ಊರಿಗೆ."

"ಹಂಗಾರೆ ಬಸ್ಸಿನೋರಿಗೂ ಒಂದು ಶಾಲು ಹೊದಿಸ್ರಿ," ಅಂದಳು.

ಇಲ್ಲಿ ಮಾತ್ರೆ ಸಿಗದವರನ್ನು ಹರಿಹರಕ್ಕೆ ಒಯ್ಯುವ ಆ ಬಸ್ಸು ನಿನ್ನ ಮನೆ ಮುಂದೆಯೇ ಹೋಗುತ್ತದೆ. ಹತ್ತು ನಿಮಿಷಕ್ಕೊಂದು. ನಾನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದೇನೆ. ಲೆಕ್ಕ ಮಾಡುವಾಗ ಮಾತ್ರ ಅದು ಕಾಣಲಿಲ್ಲ. ವಿಳಾಸದ ಪ್ರಕಾರ ಎಣಿಸಿದರೆ ಇಲ್ಲಿ ಇಳಿಯಲೂ ಇಲ್ಲ, ಅಲ್ಲಿ ಏರಲೂ ಇಲ್ಲ. ಸಾಹೇಬರು ಹಳೆಯ ಲೆಕ್ಕವೇ ಇರಲಿ ಎಂದಿದ್ದಾರೆ. ಸೋಮವಾರ ಸಹಿ ಹಾಕಬೇಕು. ಮುಂದೆ ಹರಿಹರಕ್ಕೂ ನಿಯಮ ಬರುತ್ತದೆ. ಹೋಲಿಕೆಗೆ ಇನ್ನು ಯಾವ ಊರು ಎಂದು ನನ್ನನ್ನೇ ಕೇಳಿದ್ದಾರೆ.

ಭಾವನ ಸಕ್ಕರೆ ಹತೋಟಿಯಲ್ಲಿರಲಿ. ಮಕ್ಕಳು ಚೆನ್ನಾಗಿರಲಿ, ನನ್ನಷ್ಟು ಓದದಿದ್ದರೂ ಸರಿ.

ನಿನ್ನ,
ರವಿ

ಮರೆತಿದ್ದೆ: ಆ ಮೂವತ್ತೊಂಬತ್ತರಲ್ಲಿ ಸಿದ್ದೇಶನೂ ಒಬ್ಬ. ಅವನಿಗೆ ಹರಿಹರದಲ್ಲಿ ಯಾರೂ ಇರಲಿಲ್ಲ. ಜೂನ್‌ನಲ್ಲಿ ಊಟಕ್ಕೆ ಕೂತಾಗ ಕೇಳಿದ, "ಅಣ್ಣಾ, ಹರಿಹರದಾಗೂ ಚೀಟಿ ಕೇಳ್ತಾರೇನು?" ಅಪರೂಪಕ್ಕೆ ನನ್ನ ಕೆಲಸದ ಬಗ್ಗೆ ಕೇಳಿದನಲ್ಲ ಎಂದು ಖುಷಿಯಾಯಿತು. "ಇಲ್ಲ, ಕೇಳಲ್ಲ. ಅದಕ್ಕೇ ಆ ಊರು ಆರಿಸಿದ್ದು," ಎಂದು ಬಿಡಿಸಿ ಹೇಳಿದೆ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.