ಅಮ್ಮ ಹಿಡಿದ ಮೀನು

ಭಾನುವಾರ, ಮಾರ್ಚ್ ೧೬

ಅಮ್ಮನಿಗೆ ಏನು ಹೇಳುವುದು ಅಂತ ಬೆಳಗಿನಿಂದ ತಲೆ ಕೊರೆಯುತ್ತಿತ್ತು. ಅಪ್ಪ ಹೋಗಿ ಇಷ್ಟು ವರ್ಷವಾದ ಮೇಲೆ ಅವಳಿಗೆ ಮತ್ತೆ ಮದುವೆಯಾಗುವ ಮನಸ್ಸು, ಅದೂ ಗಡಿಯಾರ ರಿಪೇರಿ ಮಾಡುವವರನ್ನು! "ಒಂದ್ಸಲ ನೋಡೇ, ಆಮೇಲೆ ಬೇಡ ಅನ್ನು" ಅಂತ ನನ್ನನ್ನು ಉದ್ಯಾನದ ಕೆರೆಗೆ ಎಳೆದುಕೊಂಡು ಹೋದಳು.

ಅವರು ಗಾಳ ಹಾಕಿಕೊಂಡು ಕೂತಿದ್ದರು. ನಾನು ಮುಖ ಗಂಟಿಕ್ಕಿಕೊಂಡು ಕೂತೆ. ಪುಣ್ಯಾತ್ಮ ನನ್ನನ್ನು ಒಲಿಸಿಕೊಳ್ಳಲು ಒಂದು ಮಾತೂ ಆಡಲಿಲ್ಲ. ಅಮ್ಮನಿಗೆ ಎರೆಹುಳು ಚುಚ್ಚುವುದನ್ನು ತೋರಿಸಿ, ಗಾಳದ ಕೋಲು ಅವಳ ಕೈಗೆ ಕೊಟ್ಟರು. ಜಿರಲೆ ಕಂಡರೆ ಮಂಚ ಹತ್ತುವವಳು ಎರೆಹುಳು ಹಿಡಿದಳು!

ಗಾಳದ ದಾರದ ಬೆಂಡು ಮುಳುಗಿದ್ದೇ ತಡ, "ಅಯ್ಯೋ, ಎಳೀತಿದೆ ಕಣ್ರೀ!" ಅಂತ ಕಿರುಚಿ ಅಮ್ಮ ಕೆಸರಲ್ಲಿ ಕೂತೇಬಿಟ್ಟಳು. ನಾನು ಓಡಿದೆ. ಅವರು ಮಾತ್ರ ಕೋಲಿಗೆ ಕೈ ಹಾಕಲಿಲ್ಲ. "ಬಿಡಬೇಡಿ, ನಿಮ್ಮ ಕೈಲಾಗತ್ತೆ" ಅಂದರು, ಅಷ್ಟೇ. ಅಪ್ಪ ಆಗಿದ್ದರೆ ಕಿತ್ತುಕೊಳ್ಳುತ್ತಿದ್ದರು. ಒಳ್ಳೆಯವರೇ, ಆದರೂ ಕಿತ್ತುಕೊಳ್ಳುತ್ತಿದ್ದರು.

ಬಂದದ್ದು ಬೆರಳುದ್ದದ ಮೀನು. ಅದನ್ನು ನೋಡಿ ಅಮ್ಮ ಕೆಸರಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ಆಮೇಲೆ ತಾನೇ ಅದನ್ನು ನೀರಿಗೆ ಬಿಟ್ಟಳು.

ಹೊರಡುವಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ಮುಂದಿನ ವಾರ ನಂಗೂ ಒಂದು ಕೋಲು ತರ್ತೀರಾ?"

ಅವರು ಹೂಂ ಅಂತ ತಲೆಯಾಡಿಸಿದರು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಈಗ ಪಕ್ಕದ ಕೋಣೆಯಿಂದ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ. ಮೀನು ಆಗಲೇ ಮೊಳದುದ್ದ ಆಗಿದೆ. ಈ ಲೆಕ್ಕದಲ್ಲಿ ಬೆಳಗಾಗುವ ಹೊತ್ತಿಗೆ…