ಅವ್ವನ ರೂಪಾಯಿಗೆ ಎರಡು ಡಬ್ಬಿ

ಮಧುಗಿರಿ
೧೨-೧೧-೨೦೨೪

ಪಾವಗಡದ ತಂಗಿ ಮಂಗಳಾಗೆ ಅಣ್ಣ ಅಂಜನಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ರಿಜಿಸ್ಟರ್ ಪೋಸ್ಟಿನಲ್ಲಿ ಈ ಕಾಗದ. ಹರಿದುಹಾಕುವ ಮುಂಚೆ ಒಂದು ಸಲ ಓದು.

ಮೊದಲು ಖರ್ಚು ಹೇಳಿಬಿಡುತ್ತೇನೆ. ಅವ್ವನ ರೂಪಾಯಿಯನ್ನು ಪರೀಕ್ಷೆ ಮಾಡಿಸಿದ ಬಾಬ್ತು, ಮುಂಬೈ ಕಂಪನಿಯ ಫೀಸು ಸಾವಿರದ ಎಂಟುನೂರು, ಅದರ ಕೊರಿಯರ್ ಮತ್ತು ವಿಮೆ ಸಾವಿರದ ನೂರೈವತ್ತು. ಅಮೆರಿಕದ ಕಂಪನಿಗೆ ಬೆಂಗಳೂರಿನ ಏಜೆಂಟ್ ಮೂಲಕ ಏಳು ಸಾವಿರದ ನಾನೂರು, ಸಾಗಣೆ ನಾಲ್ಕು ಸಾವಿರದ ಇನ್ನೂರು. ನನ್ನ ಬಸ್ ಚಾರ್ಜು, ಊಟ, ಕಾಫಿ ಸೇರಿ ಸಾವಿರದ ಇನ್ನೂರ ನಲವತ್ತು. ಒಟ್ಟು ಹದಿನೈದು ಸಾವಿರದ ಏಳುನೂರ ತೊಂಬತ್ತು. ಇಷ್ಟು ಸುರಿದು ನಾನು ತಿಳಿದುಕೊಂಡದ್ದು, ನೀನು ಮೊದಲ ದಿನವೇ ಪುಕ್ಕಟೆ ಹೇಳಿದ್ದ ಮಾತು. ನೀನು ರೂಪಾಯಿ ಬದಲಾಯಿಸಿಲ್ಲ. ಕಳ್ಳಿ ಎಂದ ನನ್ನ ಬಾಯಿಯದೇ ತಪ್ಪು.

ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಅವ್ವನ ಪೂಜೆ ಡಬ್ಬಿ ನಿನ್ನ ಮನೆಯಲ್ಲಿತ್ತು. ಹಬ್ಬ ಮುಗಿದ ಮೇಲೆ ಅದರಲ್ಲಿದ್ದ, ಈಗ ಸಿಗುವುದೇ ಅಪರೂಪವಾದ ಮೂವತ್ತೊಂಬತ್ತನೇ ಇಸವಿಯ ಬೆಳ್ಳಿ ರೂಪಾಯಿಯನ್ನು ಮಾರಿ ಇಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ ಎಂದು ಮಾತಾಗಿತ್ತು. ಹುಲಿಕುಂಟೆ ಮನೆಯಲ್ಲಿ ಅವ್ವ ಇಟ್ಟಿದ್ದಾಗ ಅದು ಬಾಣಲೆ ತಳದಷ್ಟು ಕಪ್ಪಗಿತ್ತು. ನಾನು ತೆಗೆದುಕೊಳ್ಳಲು ಬಂದ ದಿನ ನಿನ್ನ ಅಂಗೈಯಲ್ಲಿ ಹೊಸದಾಗಿ ಅಚ್ಚು ಹಾಕಿದಂತೆ ಫಳಫಳ ಅನ್ನುತ್ತಿತ್ತು. ನೀನು ಏನಂದೆ ಎಂಬುದು ಅಕ್ಷರ ಬಿಡದೆ ನೆನಪಿದೆ. “ಹುಣಸೆಹಣ್ಣು, ಇಬೂತಿ ಹಾಕಿ ತಿಕ್ಕಿದೀನಿ ಕಣಣ್ಣ. ಲಕ್ಷ್ಮಿ ಮುಂದೆ ಮಸಿ ಕಾಸು ಮಡಗಕ್ಕಾಗ್ತದಾ?” ನಾನು ಅಂದೆ, “ಎಂಬತ್ತು ವರ್ಷದ ಕಪ್ಪು ಒಂದು ತಿಕ್ಕಿಗೆ ಹೋಗ್ತದಾ? ಯಾವ್ ಅಂಗಡೀಲಿ ಬದಲಾಯಿಸ್ದೆ ಹೇಳು.” ನಿನ್ನ ಗಂಡ, ನಮ್ಮ ಭಾವ ರಾಮಾಂಜನೇಯ ಎಲೆಯ ಮುಂದಿನಿಂದ ಎದ್ದು, ಅರ್ಧ ತೆಲುಗಿನಲ್ಲಿ, “ಏಂ ಬಾವಾ ಇದಿ? ನಮ್ಮನೇಲಿ ಉಂಡು ನಮ್ಮನ್ನೇ ಕಳ್ಳರು ಅಂತೀಯಾ?” ಎಂದ. ನಾನು ರೂಪಾಯಿಯನ್ನು ಜೇಬಿಗೆ ಹಾಕಿಕೊಂಡು, ಕೈ ತೊಳೆಯದೆ ಬಸ್ಸು ಹತ್ತಿದೆ. ಹದಿನಾಲ್ಕು ತಿಂಗಳಾಯಿತು.

ನಿಜ ಹೇಳುತ್ತೇನೆ, ಪರೀಕ್ಷೆಗೆ ಕಳಿಸಿದ್ದು ನಿಜ ತಿಳಿಯಲಿಕ್ಕಲ್ಲ. ನಕಲಿ ಎಂದು ಬರೆಸಿಕೊಂಡು ನಿನ್ನ ಮುಖಕ್ಕೆ ಹಿಡಿಯಲಿಕ್ಕೆ. ದಾರಿ ತೋರಿಸಿದವರು ಕೊರಟಗೆರೆಯ ಜಯರಾಮಯ್ಯ ಮೇಷ್ಟ್ರು, ನಲವತ್ತು ವರ್ಷದಿಂದ ನಾಣ್ಯ ಕೂಡಿಟ್ಟವರು. ಇದಕ್ಕೆಂದೇ ಕಂಪನಿಗಳಿವೆಯಂತೆ. ನಾಣ್ಯ ಅಸಲಿಯೋ ನಕಲಿಯೋ ನೋಡಿ, ಎಷ್ಟು ಸವೆದಿದೆ ಎಂದು ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುತ್ತಾರೆ.

ಮುಂಬೈಯವರದು ಚುರುಕು ಕೆಲಸ. ಫೋನ್ ಮಾಡಿದರೆ ಎತ್ತುತ್ತಾರೆ, ಎರಡೇ ತಿಂಗಳಲ್ಲಿ ವಾಪಸ್ ಬಂತು. ಅಸಲಿ, ಐವತ್ತಮೂರು ಅಂಕ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ಸಿಟ್ಟಿಗೆ ಅದು ಸಾಕಾಗಲಿಲ್ಲ. ಇವರು ಕೈ ಸಡಿಲ ಬಿಟ್ಟಿದ್ದಾರೆ ಅಂದುಕೊಂಡೆ. ದೊಡ್ಡ ಗಿರಾಕಿಗಳು ನಂಬುವುದು ಅಮೆರಿಕದ್ದನ್ನೇ ಎಂದು ಮೇಷ್ಟ್ರೂ ಹೇಳಿದರು. ಅವರಿಗೆ ಬರೀ ನಾಣ್ಯ ಕಳಿಸಬೇಕೆಂದು ಏಜೆಂಟ್ ಆ ಡಬ್ಬಿಯನ್ನು ನನ್ನ ಕಣ್ಣೆದುರೇ ಒಡೆದ. ಎರಡು ಸಾವಿರದ ಒಂಬೈನೂರ ಐವತ್ತು ರೂಪಾಯಿ ಟಪ್ ಅಂತು.

ಅಮೆರಿಕದವರು ಎಂಟು ತಿಂಗಳು ತೆಗೆದುಕೊಂಡರು. ಈಮೇಲ್ ಬರೆದರೆ ಯಂತ್ರ ಉತ್ತರ ಕೊಡುತ್ತಿತ್ತು. ಆದರೆ ಕಣ್ಣು ಮಾತ್ರ ಅತ್ತೆಯ ಕಣ್ಣು. ಹೋದ ವಾರ ರೂಪಾಯಿ ಅವರ ಡಬ್ಬಿಯಲ್ಲಿ, ಚೀಟಿ ಸಮೇತ ವಾಪಸ್ ಬಂತು. ಅಸಲಿ, ಆದರೆ ಉಜ್ಜಿದ್ದಾರೆ, ಆದ್ದರಿಂದ ಅಂಕ ಕೊಡುವುದಿಲ್ಲ. ಮೇಷ್ಟ್ರು ಭೂತಗನ್ನಡಿ ಹಿಡಿದು ತೋರಿಸಿದರು. ನಾಣ್ಯದ ಮೇಲಿನ ದೊರೆಯ ಕೆನ್ನೆಯಲ್ಲಿ ಕೂದಲಿಗಿಂತ ಸಣ್ಣ ಗೀರುಗಳು, ಎಲ್ಲ ಒಂದೇ ಕಡೆಗೆ. “ಇದು ಹೆಣ್ಣುಮಕ್ಕಳ ಹೆಬ್ಬೆರಳು ಕಣಯ್ಯ, ಪೂಜೆ ಸಾಮಾನು ತಿಕ್ಕಿದ್ದು” ಎಂದರು. ಕಪ್ಪು ತೆಗೆದರೆ ನಾಣ್ಯದ ಬೆಲೆ ಬೀಳುತ್ತದೆ ಎಂದು ಅವರು ನನಗೆ ಆ ಹಬ್ಬಕ್ಕೆ ಮೊದಲೇ ಹೇಳಿದ್ದರು. ಆ ಮಾತನ್ನು ನಿನಗೆ ದಾಟಿಸಬೇಕಾದವನು ನಾನು. ದಾಟಿಸಲಿಲ್ಲ.

ಆಮೇಲೆ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತು ನಕ್ಕೆ ಮಂಗಳಾ. ಶಿರಾದಲ್ಲಿ ಬುಟ್ಟಿಯಲ್ಲಿ ಕಡಲೆಕಾಯಿ ಮಾರಿ, ಇಲ್ಲಿ ಪಂಪು ಮೋಟರಿನ ಅಂಗಡಿ ಇಟ್ಟವನು ನಾನು, ಇದುವರೆಗೆ ಯಾವ ವ್ಯವಹಾರದಲ್ಲೂ ನನ್ನ ಲೆಕ್ಕ ತಪ್ಪಾಯಿತೆಂದು ಇಷ್ಟು ಹಗುರಾಗಿರಲಿಲ್ಲ. ನನ್ನ ತಂಗಿ ಕಳ್ಳಿಯಲ್ಲ, ಎರಡೆರಡು ಕಂಪನಿಯವರು ಬರೆದುಕೊಟ್ಟಿದ್ದಾರೆ! ಮನೆಗೆ ಬಂದು ನಿನ್ನ ಅತ್ತಿಗೆಗೆ ಹೇಳಿದರೆ, “ಅಮೆರಿಕಕ್ಕೆ ಯಾಕೆ ಕಳಿಸಿದ್ರಿ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ, ಮಂಗಳಾ ಅಂಥೋಳಲ್ಲ ಅಂತ. ಹೆಂಡ್ತಿ ಮಾತಿಗೆ ಫೀಸಿಲ್ಲ ನೋಡಿ, ಅದಕ್ಕೇ ಕಿವಿಗ್ ಬೀಳಲ್ಲ” ಎಂದಳು.

ಗುರುವಾರ ಮಧ್ಯಾಹ್ನದ ಬಸ್ಸಿಗೆ ರೂಪಾಯಿ ತರುತ್ತೇನೆ. ಭಾವನ ಎದುರೇ ಕ್ಷಮೆ ಕೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ, ಬೈದು ಮುಗಿದ ಮೇಲೆ ಊಟಕ್ಕೆ ಹಾಕು.

ನಿನ್ನ ಅಣ್ಣ,
ಅಂಜನಪ್ಪ

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯಲು ಧೈರ್ಯ ಸಾಲಲಿಲ್ಲ. ರೂಪಾಯಿಗೆ ಎರಡೂವರೆ ಲಕ್ಷ ಬರುತ್ತದೆ ಎಂದು ನಿನಗೆ ಹೇಳಿದ್ದೆ. ತುಮಕೂರಿನ ಕಿರಣ್ ಕುಮಾರ್ ಎಂಬ ಗಿರಾಕಿಯ ಹತ್ತಿರ ನಾನು ಮಾತಾಡಿಕೊಂಡಿದ್ದು ನಾಲ್ಕು ಲಕ್ಷಕ್ಕೆ. ಒಂದು ಲಕ್ಷ ಮುಂಗಡ ನನ್ನ ಜೇಬಿಗೆ ಬಿದ್ದಾಗಿತ್ತು. ನಿನ್ನ ಅಂಗೈಯಲ್ಲಿ ಅದು ಹೊಳೆದಾಗ ನಾನು ಕೂಗಿದ್ದು ಅದಕ್ಕೆ. ನೀನು ತಿಕ್ಕದೆ ಇದ್ದಿದ್ದರೆ ನಿನ್ನ ಪಾಲಿನ ಮುಕ್ಕಾಲು ಲಕ್ಷವನ್ನು ನಾನು ತಿಂದೇ ತಿನ್ನುತ್ತಿದ್ದೆ. ಅವನಿಗೆ ಚೀಟಿ ತೋರಿಸಿದೆ, ಬೇಡ ಎಂದ. ನಿನ್ನೆ ಹಣ ಹಿಂದಕ್ಕೆ ಕೊಟ್ಟೆ. ಯಾರಿಗೆ ಏನು ದಕ್ಕಿತು ಎಂದು ಬರೆದು ಮುಗಿಸುತ್ತೇನೆ. ಎರಡು ಕಂಪನಿಗೂ ಅವರವರ ಫೀಸು. ಏಜೆಂಟನಿಗೆ ಕಮಿಷನ್ನು. ಕಿರಣ್ ಕುಮಾರ್‌ಗೆ ಅವನ ಒಂದು ಲಕ್ಷ. ನಿನಗೆ ಅವ್ವನ ರೂಪಾಯಿ, ಅರ್ಧವಲ್ಲ, ಪೂರ್ತಿ. ನನಗೆ ನಿನ್ನೆಯಿಂದ ನಿದ್ದೆ.